ಕ್ರ್ಯಾಕ್ ಹಾಕ್ಸೋ ಮುಂಚೆ ಇವನ್ನ ಒಂದ್ಸಲ ನೋಡಿ

ಕೊಡಗಿನ ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿರೋ ನನಗೆ ದಿನಾ ಬರೋ ಪ್ರಶ್ನೆ ಒಂದೇ, "ಫಾರ್ಮ್ಯಾಟ್ ಮಾಡಿ, ಆಫೀಸ್ ಹಾಕಿ, ಫೋಟೋಶಾಪ್ ಹಾಕಿ, ಎಲ್ಲಾ ಸೇರಿ ಎಷ್ಟಾಗುತ್ತೆ ಸಾರ್?" ಅಂತ. ಲೈಸೆನ್ಸ್ ಸೇರಿಸಿ ರೇಟ್ ಹೇಳಿದ್ರೆ ಗಿರಾಕಿ ನನ್ನ ಮುಖ ನೋಡ್ತಾರೆ, ಯಾಕಂದ್ರೆ ಅವರು ಕೇಳಿದ್ದು ಕ್ರ್ಯಾಕ್ ವರ್ಷನ್ನು, ಅಂದ್ರೆ ಲೈಸೆನ್ಸ್ ಬೀಗ ಮುರಿದ ಕಳ್ಳ ಕಾಪಿ, ಬಾಯಿಬಿಟ್ಟು ಹೇಳಿಲ್ಲ ಅಷ್ಟೆ. ನಾನು ಕ್ರ್ಯಾಕ್ ಹಾಕಲ್ಲ. ಅದಕ್ಕೆ ಕೆಲವರು ಎದ್ದು ಪಕ್ಕದ ಅಂಗಡಿಗೆ ಹೋಗ್ತಾರೆ, ಹೋಗ್ಲಿ, ಅವರಲ್ಲಿ ಅರ್ಧ ಜನ ಸ್ವಲ್ಪ ದಿನಕ್ಕೆ ವೈರಸ್ ಅಂತ ವಾಪಸ್ ಬರ್ತಾರೆ. ಕ್ರ್ಯಾಕ್ ಬದಲು ಏನು ಹಾಕ್ಸಬಹುದು ಅಂತ ಇಲ್ಲಿ ಹೇಳ್ತೀನಿ, ಬಹುಪಾಲು ಓಪನ್ ಸೋರ್ಸ್, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿಟ್ಟು ಯಾರು ಬೇಕಾದ್ರೂ ಬಳಸಿ ಹಂಚಬಹುದಾದ ಸಾಫ್ಟ್‌ವೇರ್.

ಕ್ರ್ಯಾಕ್ ಫೈಲ್ ಕೆಲಸ ಮಾಡೋಕೆ ಮೊದಲು ಏನು ಹೇಳುತ್ತೆ? ಆಂಟಿವೈರಸ್ ಆಫ್ ಮಾಡಿ ಅನ್ನುತ್ತೆ. ನಾವೇ ಬಾಗಿಲು ತೆಗೆದಿಟ್ಟ ಮೇಲೆ ಏನು ಬೇಕಾದ್ರೂ ಒಳಗೆ ಬರಬಹುದು. ಸ್ಟಾಪ್ ಅನ್ನೋ ರ‍್ಯಾನ್ಸಮ್‌ವೇರ್ ಕುಟುಂಬ ದೇಶ ದೇಶಗಳಲ್ಲಿ ಹರಡಿದ್ದೇ ಹೆಚ್ಚಾಗಿ ಕ್ರ್ಯಾಕ್ ಫೈಲ್‌ಗಳ ಜೊತೆ ಸೇರ್ಕೊಂಡು, ಫೋಟೋ, ಎಕ್ಸೆಲ್ ಎಲ್ಲಾ ಲಾಕ್ ಮಾಡಿ ಪ್ರತಿ ಫೈಲ್ ಹೆಸರಿನ ಕೊನೆಗೆ ಏನೋ ಒಂದು ಬಾಲ ಅಂಟಿಸಿ, 72 ಗಂಟೆ ಒಳಗೆ ದುಡ್ಡು ಕೊಟ್ರೆ ಅರ್ಧಕ್ಕೆ ಬಿಡ್ತೀವಿ ಅಂತ ಚೀಟಿ ಬೇರೆ ಇಟ್ಟು ಹೋಗುತ್ತೆ. ಕಾನೂನೂ ಇದೆ: 1957ರ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಕಳ್ಳ ಕಾಪಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದ್ರೆ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ವ್ಯಾಪಾರಕ್ಕಲ್ದೆ ಸುಮ್ನೆ ಮನೇಲಿ ಬಳಸಿದ್ರೆ ಕೋರ್ಟ್ ಸ್ವಲ್ಪ ಸಡಿಲ ಮಾಡಬಹುದು, ಆದ್ರೆ ಹೋಮ್‌ಸ್ಟೇ ಬಿಲ್ಲು ಹೊಡೆಯೋ ಕಂಪ್ಯೂಟರ್ ಸುಮ್ನೆ ಬಳಸೋದು ಅನ್ನಿಸ್ಕೊಳ್ಳಲ್ವಲ್ಲ.

ಹಾಗಾದ್ರೆ ವಿಂಡೋಸ್ ತೆಗೆದು ಲಿನಕ್ಸ್ ಅನ್ನೋ ಓಪನ್ ಸೋರ್ಸ್ ಸಿಸ್ಟಮ್ಮೇ ಹಾಕ್ಸ್ಬೇಕಾ ಅಂತ ಕೇಳ್ತಾರೆ. ಈಗಲೇ ಬೇಡ. ಓಪನ್ ಸೋರ್ಸ್ ಬಗ್ಗೆ ಮಾತಾಡೋರು ಬಹಳ ಜನ ಅಲ್ಲಿಂದಲೇ ಶುರು ಮಾಡ್ತಾರೆ, ನನ್ ಪ್ರಕಾರ ಅದೇ ಎಡವಟ್ಟು. ವಿಂಡೋಸ್ ಹಾಗೇ ಇರಲಿ, ಅದರ ಮೇಲೇ ಒಂದೊಂದು ಪ್ರೋಗ್ರಾಮ್ ಬದಲಾಯಿಸ್ತಾ ಬನ್ನಿ, ನಾನು ಮುಂದೆ ಹೇಳೋ ಸಾಫ್ಟ್‌ವೇರಲ್ಲಿ ಬಹುಪಾಲಿಗೆ ವಿಂಡೋಸ್ ವರ್ಷನ್ ಇದೆ. ಬದಲಾಯಿಸುವಾಗ ಕಷ್ಟ ಕೊಡೋದು ಹೊಸ ಪ್ರೋಗ್ರಾಮ್‌ಗಿಂತ ನಿಮ್ಮ ಹತ್ರ ಇರೋ ಹಳೇ ಫೈಲು, ಹಳೇ ಫಾಂಟು. ಅದನ್ನ ಮೊದಲು ಸರಿ ಮಾಡ್ಕೊಂಡ್ರೆ ಆಮೇಲೆ ಯಾವ ಸಿಸ್ಟಮ್ಮಿಗೆ ಹೋದ್ರೂ ಒಂದೇ.

ಸುಲಭದ್ದು ಮೊದಲು. ವಿಎಲ್‌ಸಿ ಆಗಲೇ ನಿಮ್ಮ ಹತ್ರ ಇದ್ದೇ ಇರುತ್ತೆ, 1996ರಲ್ಲಿ ಪ್ಯಾರಿಸ್‌ನ ಒಂದು ಇಂಜಿನಿಯರಿಂಗ್ ಕಾಲೇಜ್ ಹುಡುಗರು ಶುರು ಮಾಡಿದ ಪ್ರಾಜೆಕ್ಟದು, 2001ರಿಂದ ಕೋಡ್ ಎಲ್ಲರಿಗೂ ಓಪನ್. ಅಂದ್ರೆ ನೀವು ಓಪನ್ ಸೋರ್ಸ್ ಬಳಸೋಕೆ ಶುರು ಮಾಡಿ ಎಷ್ಟೋ ವರ್ಷ ಆಯ್ತು, ಯಾರೂ ಹೇಳಿಲ್ಲ ಅಷ್ಟೆ. ಜಿಪ್ ಬಿಚ್ಚೋಕೆ ಸೆವೆನ್ ಜಿಪ್, 40 ದಿನದ ಟ್ರಯಲ್ ಮುಗೀತು ಅಂತ ವರ್ಷಗಟ್ಲೆ ಮೆಸೇಜ್ ತೋರಿಸೋ ವಿನ್‌ರಾರ್ ಬದಲು. ಪಿಡಿಎಫ್ ಓದೋಕೆ ಸುಮಾತ್ರಾ, ಹಳೇ ಮಿಷಿನ್ನಲ್ಲೂ ಟಪ್ ಅಂತ ಓಪನ್ ಆಗುತ್ತೆ. ಇವಕ್ಕೆ ಯಾರೂ ಕಲಿಯೋದೇನಿಲ್ಲ.

ಈಗ ಆಫೀಸಿಗೆ ಬರೋಣ, ನಮ್ಮ ಕಡೆ ನಿಜವಾದ ಕೆಲಸ ಇರೋದೇ ಅಲ್ಲಿ. ಲಿಬ್ರೆಆಫೀಸ್ ಅಂತ ಇದೆ, ಹಳೇ ಓಪನ್‌ಆಫೀಸ್‌ನಿಂದ 2010ರಲ್ಲಿ ಬೇರೆಯಾಗಿ ಬಂದಿದ್ದು, ಡಾಕ್ಯುಮೆಂಟ್ ಫೌಂಡೇಶನ್ ಅನ್ನೋ ಸಂಸ್ಥೆ ನೋಡ್ಕೊಳ್ಳುತ್ತೆ. ವರ್ಡ್ ಜಾಗಕ್ಕೆ ರೈಟರ್, ಎಕ್ಸೆಲ್ ಜಾಗಕ್ಕೆ ಕ್ಯಾಲ್ಕ್, ಪವರ್‌ಪಾಯಿಂಟ್ ಜಾಗಕ್ಕೆ ಇಂಪ್ರೆಸ್. (ಕಾಫಿ ತೋಟದಲ್ಲಿ ಲೆಕ್ಕ ಬರೆಯೋರಿಗೆ ನಮ್ಮ ಕಡೆ ರೈಟರ್ ಅಂತಾರೆ, ಅವರಿಗೆ "ರೈಟರ್ ಓಪನ್ ಮಾಡಿ" ಅಂದ್ರೆ ನಗ್ತಾರೆ.)

ತೋಟದ ರೈಟರ್‌ಗಳು ಇಟ್ಕೊಳ್ಳೋ ಚೆಕ್‌ರೋಲ್, ಅಂದ್ರೆ ಹಾಜರಿ ಕೂಲಿ ಶೀಟನ್ನೇ ತಗೊಳ್ಳಿ. ಎಡಗಡೆ ಆಳುಗಳ ಹೆಸರು, ಮೇಲೆ ತಾರೀಖು, ಒಳಗೆ ಪೂರ್ತಿ ದಿನಕ್ಕೆ ಒಂದು, ಅರ್ಧ ದಿನಕ್ಕೆ ಪಾಯಿಂಟ್ ಐದು, ಕೊಯ್ಲು ಟೈಮಲ್ಲಿ ಕೆಜಿ ಲೆಕ್ಕ ಬೇರೆ, ಅಡ್ವಾನ್ಸ್ ಕಳೆದು ಕೊನೇಲಿ ಬಟವಾಡೆ ಮೊತ್ತ. ಇದನ್ನ ಎಕ್ಸೆಲ್‌ನಿಂದ ತಂದು ಕ್ಯಾಲ್ಕಲ್ಲಿ ಓಪನ್ ಮಾಡಿದ್ರೆ ಕೂಡೋದು, ಗುಣಿಸೋದು, ಫಿಲ್ಟರು, ಪಿವೋಟ್ ಟೇಬಲ್ಲು ಎಲ್ಲಾ ಹಾಗೇ ಬರುತ್ತೆ. ಕೈ ಕೊಡೋದು ಮೂರು ಕಡೆ. ಒಂದು ತಾರೀಖು, ಸೆಟ್ಟಿಂಗ್ ಅಮೆರಿಕದ್ದಿದ್ರೆ 5/3 ಅಂತ ಹೊಡೆದಿದ್ದು ಮಾರ್ಚ್ 5 ಆಗೋ ಬದಲು ಮೇ 3 ಆಗಿ ಕೂತ್ಕೊಳ್ಳುತ್ತೆ, ಯಾರಿಗೂ ಗೊತ್ತಾಗಲ್ಲ, ತಿಂಗಳ ಕೊನೇಲಿ ಲೆಕ್ಕ ತಾಳೆ ಆಗಲ್ಲ. ಅದಕ್ಕೆ ಇನ್‌ಸ್ಟಾಲ್ ಮಾಡಿದ ತಕ್ಷಣ ಟೂಲ್ಸ್, ಆಪ್ಷನ್ಸ್‌ಗೆ ಹೋಗಿ ಲ್ಯಾಂಗ್ವೇಜ್ ಜಾಗದಲ್ಲಿ ಲೋಕೇಲ್ ಅನ್ನೋದನ್ನ ಇಂಗ್ಲಿಷ್ ಇಂಡಿಯಾ ಮಾಡಿ. ಇನ್ನೊಂದು ಮ್ಯಾಕ್ರೋ, ಯಾರೋ ಬರೆದುಕೊಟ್ಟ ಬಟನ್ ಒತ್ತಿದ್ರೆ ಪೇ ಸ್ಲಿಪ್ ಬರೋ ಥರದ್ದು, ಅದು ಒಂದಷ್ಟು ಓಡುತ್ತೆ ಒಂದಷ್ಟು ಓಡಲ್ಲ, ಟೆಸ್ಟ್ ಮಾಡದೇ ನಂಬಬೇಡಿ. ಮೂರನೇದು ಸೇವ್ ಮಾಡುವಾಗ, ಯಾವ ಫಾರ್ಮ್ಯಾಟ್ ಅಂತ ಪ್ರತಿಸಲ ಕೇಳುತ್ತೆ, ಆಡಿಟರ್‌ಗೆ ಮೇಲ್ ಮಾಡೋ ಫೈಲ್ ಆದ್ರೆ ಎಕ್ಸೆಲ್ ಫಾರ್ಮ್ಯಾಟಲ್ಲೇ ಇಡಿ. ಆಪ್ಷನ್ಸ್ ಒಳಗೆ ಲೋಡ್ ಸೇವ್ ಅನ್ನೋ ಕಡೆ ಇದನ್ನ ಒಂದೇ ಸಲಕ್ಕೆ ಫಿಕ್ಸ್ ಮಾಡಬಹುದು.

"ಸಾರ್, ಮೇಲಿನ ಪಟ್ಟಿ ಎಲ್ಲೋಯ್ತು?" ಅಂತ ಎಲ್ಲರೂ ಕೇಳ್ತಾರೆ. ವ್ಯೂ, ಯೂಸರ್ ಇಂಟರ್‌ಫೇಸ್, ಟ್ಯಾಬ್ಡ್ ಅಂತ ಕೊಟ್ರೆ ಹೆಚ್ಚುಕಮ್ಮಿ ನಿಮ್ಮ ಹಳೇ ಆಫೀಸ್ ಥರಾನೇ ಕಾಣುತ್ತೆ, ಅರ್ಧ ಜಗಳ ಅಲ್ಲಿಗೇ ಮುಗೀತು. ಇನ್ನು ಲೆಟರ್ ಓಪನ್ ಮಾಡಿದ್ರೆ ಸಾಲು ಜಾರಿ ಸಹಿ ಮುಂದಿನ ಪೇಜಿಗೆ ಹೋಗಿದ್ರೆ ಅದು ಫಾಂಟ್ ಸಮಸ್ಯೆ. ಕ್ಯಾಲಿಬ್ರಿ ಇಲ್ಲದ ಮಿಷಿನ್ನಿಗೆ ಕಾರ್ಲಿಟೋ, ಏರಿಯಲ್ ಮತ್ತು ಟೈಮ್ಸಿಗೆ ಲಿಬರೇಶನ್ ಫಾಂಟ್‌ಗಳು, ಅಕ್ಷರದ ಅಗಲ ಒಂದೇ ಇರೋ ಹಾಗೆ ಮಾಡಿದ್ದಾರೆ, ಸಾಲು ಜಾರಲ್ಲ.

ಮಳೆ ಲೆಕ್ಕದ ವಿಷಯ ಹೇಳ್ಲೇಬೇಕು. ನಮ್ಮ ಕಡೆ ಪ್ಲಾಂಟರ್‌ಗಳ ಮನೇಲಿ ಅಪ್ಪ ಅಜ್ಜನ ಕಾಲದಿಂದ ದಿನದ ಮಳೆ ಇಂಚು ಸೆಂಟಲ್ಲಿ ಬರೆದಿಟ್ಟ ಪುಸ್ತಕಗಳಿರುತ್ತೆ, ಈಗ ಮಕ್ಕಳು ಅದನ್ನ ಕಂಪ್ಯೂಟರಿಗೆ ಹಾಕ್ತಿದ್ದಾರೆ, ಕಾಫಿ ಹೂ ಅರಳಿಸೋ ಹೂಮಳೆ ಯಾವ ವರ್ಷ ಯಾವಾಗ ಬಂತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ತು ಅಂತ ನೋಡೋಕೆ. ಇಂಥ ದಾಖಲೆನ ಮಾತ್ರ ದಯವಿಟ್ಟು ಯಾವುದೋ ಒಂದು ಕಂಪನಿ ಸಾಫ್ಟ್‌ವೇರಲ್ಲಿ ಮಾತ್ರ ತೆರೆಯೋ ಫಾರ್ಮ್ಯಾಟಲ್ಲಿ ಇಡಬೇಡಿ. ಕ್ಯಾಲ್ಕ್‌ನ ಸ್ವಂತ ಫಾರ್ಮ್ಯಾಟ್ ಓಡಿಎಸ್ ಅನ್ನೋದು ಓಪನ್ ಸ್ಟ್ಯಾಂಡರ್ಡ್, ಅದರಲ್ಲೊಂದು ಕಾಪಿ, ಬರೀ ಅಂಕಿ ಇರೋ ಸಿಎಸ್‌ವಿ ಕಾಪಿ ಒಂದು. ಸಿಎಸ್‌ವಿ ಆದ್ರೆ ನೋಟ್‌ಪ್ಯಾಡಲ್ಲೂ ತೆರೆಯುತ್ತೆ, ನಿಮ್ಮ ಮೊಮ್ಮಕ್ಕಳ ಕಾಲದ ಯಾವ ಮಿಷಿನ್ನಲ್ಲೂ ತೆರೆಯುತ್ತೆ.

ತಿಂಗಳ ಬಾಡಿಗೆ ಕಟ್ಟೋ ಮೈಕ್ರೋಸಾಫ್ಟ್ ಆಫೀಸ್ ಬಗ್ಗೆ ಒಂದು ಮಾತು. ಅದು ತಿಂಗಳಿಗೊಂದು ಸಲನಾದ್ರೂ ನೆಟ್‌ಗೆ ಹೋಗಿ ಚೆಕ್ ಮಾಡ್ಕೊಂಡು ಬರಬೇಕು, ಇಲ್ಲಾಂದ್ರೆ ಎಡಿಟ್ ಮಾಡೋಕೆ ಬಿಡಲ್ಲ. ಬೆಂಗಳೂರಲ್ಲಿ ಇದೊಂದು ಸಮಸ್ಯೆನೇ ಅಲ್ಲ. ಜುಲೈ ಆಗಸ್ಟಲ್ಲಿ ಮರ ಬಿದ್ದು ಲೈನ್ ಹೋಗಿ, ಕೇಬಲ್ ಹೋಗಿ, ಟವರ್ ಬ್ಯಾಟರಿನೂ ಖಾಲಿಯಾಗಿ ಶ್ರೀಮಂಗಲ ಬಿರುನಾಣಿ ಕಡೆ ದಿನಗಟ್ಲೆ ಫೋನೇ ಸಿಗದೇ ಇರೋವಾಗ ಜನರೇಟರ್ ಹಾಕ್ಕೊಂಡು ಬಟವಾಡೆ ಲೆಕ್ಕ ಮಾಡೋಕೆ ಕೂತ ಮನುಷ್ಯನಿಗೆ ನೆಟ್ ಕೇಳದೇ ಇರೋ ಸಾಫ್ಟ್‌ವೇರ್ ಎಷ್ಟು ಬೇಕು ಅಂತ ಗೊತ್ತಾಗುತ್ತೆ.

ಇನ್ನು ಕನ್ನಡ. ಪ್ರಿಂಟಿಂಗ್ ಪ್ರೆಸ್‌ನೋರು, ಪಂಚಾಯ್ತಿ ಆಪರೇಟರ್‌ಗಳು, ಸಂಘದ ಸೆಕ್ರೆಟರಿಗಳು ಎಲ್ಲರ ಹತ್ರನೂ ನುಡಿ ಫಾಂಟಲ್ಲಿ ಹೊಡೆದ ಹಳೇ ಫೈಲ್‌ಗಳ ರಾಶಿ ಇದೆ. ಹಳೇ ನುಡಿ ಮತ್ತು ಹಳೇ ಬರಹ ಫಾಂಟ್‌ಗಳಲ್ಲಿ ಕಂಪ್ಯೂಟರಿಗೆ ಕಾಣೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಚಿತ್ರ ಹೊದಿಸಿದ್ದಾರೆ, ಫಾಂಟ್ ಇಲ್ಲದ ಮಿಷಿನ್ನಲ್ಲಿ ತೆರೆದ್ರೆ ಚುಕ್ಕಿ ಗೆರೆ ಇರೋ ರೋಮನ್ ಕಲಸುಮೇಲೋಗರ. ಇದನ್ನ ಯೂನಿಕೋಡಿಗೆ, ಅಂದ್ರೆ ಕನ್ನಡ ಅಕ್ಷರ ಎಲ್ಲಾ ಮಿಷಿನ್ನಿಗೂ ಕನ್ನಡ ಅಂತಲೇ ಗೊತ್ತಾಗೋ ಪದ್ಧತಿಗೆ, ಬದಲಾಯಿಸೋ ಕನ್ವರ್ಟರ್‌ಗಳು ಫ್ರೀ ಸಿಗುತ್ತೆ, ಒಂದೊಂದೇ ಫೈಲ್ ಹಾಕಿ. ಹಾಕಿದ ಮೇಲೆ ಕಣ್ಣಲ್ಲಿ ಓದಲೇಬೇಕು, ಮುಖ್ಯವಾಗಿ ಅರ್ಕಾವತ್ತು ಇರೋ ಕಡೆ. ಹಳೇ ಫಾಂಟಲ್ಲಿ ಅರ್ಕಾವತ್ತು ಅಕ್ಷರ ಆದ್ಮೇಲೆ ಬರುತ್ತೆ, ಯೂನಿಕೋಡಲ್ಲಿ ಅಕ್ಷರಕ್ಕಿಂತ ಮುಂಚೆ ಕೂರುತ್ತೆ, ಕನ್ವರ್ಟರ್ ಎಡವೋದು ಅಲ್ಲೇ. ಇನ್ನೊಂದು ಕಾಟ, ಸೊನ್ನೆ ಅಂಕಿನ ಅನುಸ್ವಾರದ ಜಾಗದಲ್ಲಿ ಹೊಡೆಯೋ ಅಭ್ಯಾಸ, ನೋಡೋಕೆ ಎರಡೂ ಒಂದೇ, ಆದ್ರೆ ಆಮೇಲೆ ಆ ಹೆಸರನ್ನ ಸರ್ಚ್ ಮಾಡಿದ್ರೆ ಸಿಗಲ್ಲ. ಮತದಾರರ ಪಟ್ಟಿ ಥರದ ಉದ್ದ ಪಟ್ಟಿ ಇಟ್ಕೊಂಡೋರಿಗೆ ಇದರ ಕಷ್ಟ ಗೊತ್ತು. ಫಾಂಟಿಗೆ ಗುಬ್ಬಿ, ನವಿಲು, ಲೋಹಿತ್, ನೋಟೋ ಇವೆಲ್ಲ ಓಪನ್, ಯಾವ ಮಿಷಿನ್ನಿಗೆ ಬೇಕಾದ್ರೂ ಹಾಕ್ಕೊಳ್ಳಬಹುದು.

ಪ್ರೆಸ್‌ನೋರು ಇನ್ನೂ ಪೇಜ್‌ಮೇಕರ್ ಅನ್ನೋ ಹಳೇ ಪುಟ ಜೋಡಿಸೋ ಸಾಫ್ಟ್‌ವೇರಲ್ಲಿ ಲಗ್ನಪತ್ರಿಕೆ ಮಾಡ್ತಾರೆ, ಅದರ ಕೊನೇ ವರ್ಷನ್ 7 ಬಂದಿದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ಬರಲ್ಲ. ಓಪನ್ ಸೋರ್ಸಲ್ಲಿ ಇದಕ್ಕೆ ಸ್ಕ್ರೈಬಸ್ ಇದೆ, ಹಳೇ ವರ್ಷನ್ನಲ್ಲಿ ಒತ್ತಕ್ಷರ ಒಡೆದು ಕಾಣ್ತಿತ್ತು, 2024ರಲ್ಲಿ ಬಂದ 1.6ರಲ್ಲಿ ಸರಿಯಾಗಿ ಕೂರುತ್ತೆ. ಒಂದೇ ಪುಟದ ಕಾರ್ಡ್ ಆದ್ರೆ ಇಂಕ್‌ಸ್ಕೇಪ್ ಸಾಕು. ಫ್ಲೆಕ್ಸ್ ಹೊಡೆಯೋರು ಕೋರಲ್ ಫೈಲೇ ಬೇಕು ಅಂತಾರೆ, ಪಿಡಿಎಫ್ ಕೊಡಿ, ತಗೋತಾರೆ.

ಫೋಟೋಶಾಪ್ ಬಗ್ಗೆ ಸಣ್ಣದಾಗಿ ಹೇಳ್ತೀನಿ. ಹೋಮ್‌ಸ್ಟೇ ಫೋಟೋ ಚಿಕ್ಕದು ಮಾಡೋಕೆ, ಬೆಳಕು ಸರಿ ಮಾಡೋಕೆ, ಪಾಸ್‌ಪೋರ್ಟ್ ಸೈಜ್ ಶೀಟ್ ಮಾಡೋಕೆ ಗಿಂಪ್ ಸಾಕೋ ಸಾಕು. 2025ರ ಮಾರ್ಚಲ್ಲಿ ಬಂದ 3.0 ವರ್ಷನ್ನಲ್ಲಿ ಫಿಲ್ಟರ್ ಹಾಕಿದ ಮೇಲೂ ಅದನ್ನ ಆಮೇಲೆ ಬದಲಾಯಿಸಬಹುದು, ಮೊದಲು ಆಗ್ತಿರಲಿಲ್ಲ. ಆದ್ರೆ ಮದುವೆ ಆಲ್ಬಮ್ ಮಾಡೋ ಸ್ಟುಡಿಯೋದವರಿಗೆ ನಾನು ಗಿಂಪ್ ಹೇಳಲ್ಲ. ಅವರ ಟೆಂಪ್ಲೇಟು, ಆಕ್ಷನ್ನು, ಲ್ಯಾಬ್‌ಗೆ ಕಳಿಸೋ ಫೈಲು ಎಲ್ಲಾ ಫೋಟೋಶಾಪ್‌ದೇ, ಅದರಿಂದಲೇ ದುಡಿಯೋರು ಅದಕ್ಕೆ ದುಡ್ಡು ಕೊಡೋದೇ ಸರಿ. ಟ್ಯಾಲಿಗೂ ಇದೇ ಮಾತು. ಜಿಎಸ್‌ಟಿ ಅಂಗಡಿ ನಡೆಸ್ತಿದ್ದು ಆಡಿಟರ್ ಟ್ಯಾಲಿ ಫೈಲ್ ಕೇಳೋದಾದ್ರೆ ಟ್ಯಾಲಿನೇ ಲೈಸೆನ್ಸ್ ತಗೊಳ್ಳಿ. ಓಪನ್ ಸೋರ್ಸಲ್ಲಿ ಮುಂಬೈಯವರು ಮಾಡಿದ ಇಆರ್‌ಪಿನೆಕ್ಸ್ಟ್ ಇದೆ, ಚೆನ್ನಾಗಿದೆ, ಜಿಎಸ್‌ಟಿನೂ ಬರುತ್ತೆ, ಆದ್ರೆ ಅದನ್ನ ಹಾಕಿ ನೋಡ್ಕೊಳ್ಳೋಕೆ ಒಬ್ಬ ತಿಳಿದವನು ಬೇಕು, ಸಣ್ಣ ಅಂಗಡಿಗೆ ಹೊರೆ.

ಓಪನ್ ಸೋರ್ಸಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಕ್ಯೂಜಿಐಎಸ್, ಮ್ಯಾಪ್ ಮಾಡೋದು, 2002ರಲ್ಲಿ ಶುರುವಾದ ಪ್ರಾಜೆಕ್ಟ್. ಮೊಬೈಲಲ್ಲಿ ಜಿಪಿಎಸ್ ಟ್ರ್ಯಾಕ್ ಆನ್ ಮಾಡಿ ತೋಟದ ಬೇಲಿ ಸುತ್ತ ನಡ್ಕೊಂಡು ಬನ್ನಿ, ಆ ಫೈಲ್ ತಂದು ಇದರಲ್ಲಿ ಹಾಕಿ, ಯಾವ ಬ್ಲಾಕ್ ಎಷ್ಟು ಎಕರೆ, ಅರೇಬಿಕಾ ಎಲ್ಲಿ ರೋಬಸ್ಟಾ ಎಲ್ಲಿ, ಬೋರು, ಕೆರೆ, ಕಣ ಎಲ್ಲಾ ಬಣ್ಣ ಹಾಕಿ ತೋರಿಸಬಹುದು. ಸಿಲ್ವರ್ ಮರದ ನೆರಳಲ್ಲಿ ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತೆ, ಗೊಬ್ಬರ ಲೆಕ್ಕಕ್ಕೆ ಪರವಾಗಿಲ್ಲ, ಪಕ್ಕದ ತೋಟದವರ ಜೊತೆ ಗಡಿ ಜಗಳಕ್ಕೆ ಮಾತ್ರ ಹಿಡ್ಕೊಂಡು ಹೋಗಬೇಡಿ, ಅದಕ್ಕೆ ಸರ್ವೆಯರೇ ಬರಬೇಕು.

ಈಗ ಲಿನಕ್ಸ್. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್‌ನ 8ನೇ ಜನರೇಶನ್‌ಗಿಂತ ಹಳೇದು ಲಿಸ್ಟಲ್ಲೇ ಇಲ್ಲ ಅನ್ನಬಹುದು. ಗಟ್ಟಿಮುಟ್ಟಾಗಿರೋ ಲ್ಯಾಪ್‌ಟಾಪ್‌ಗಳನ್ನ ಗುಜರಿಗೆ ಹಾಕೋ ಬದಲು ನಾನು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಅನ್ನೋ ಹಗುರದ ಲಿನಕ್ಸ್ ಹಾಕ್ಕೊಡ್ತೀನಿ, 4 ಜಿಬಿ ರ‍್ಯಾಮಲ್ಲಿ ಆರಾಮಾಗಿ ಓಡುತ್ತೆ. ನಮ್ಮ ಮಕ್ಕಳಿಗೆ ಬರುತ್ತಾ ಅಂತ ಸಂಶಯ ಇದ್ದೋರು ಮಾಕುಟ್ಟ ದಾಟಿ ಇರಿಟ್ಟಿ ಕಡೆ ಶಾಲೆಗಳನ್ನ ನೋಡಲಿ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿ ಆಮೇಲೆ ಪೂರ್ತಿ ಫ್ರೀ ಸಾಫ್ಟ್‌ವೇರಿಗೇ ಹೋದ್ರು, ಈಗ ಕೈಟ್ ಅನ್ನೋ ಹೆಸರಲ್ಲಿ ಉಬುಂಟು ಅನ್ನೋ ಲಿನಕ್ಸನ್ನ ಅವರಿಗೆ ಬೇಕಾದ ಹಾಗೆ ಮಾಡ್ಕೊಂಡು ಸರ್ಕಾರಿ ಶಾಲೆ ಮಕ್ಕಳು ಅದರಲ್ಲೇ ಕಲೀತಾರೆ.

ಲಿನಕ್ಸಲ್ಲಿ ಕನ್ನಡ ಟೈಪಿಂಗಿಗೆ ಐಬಸ್ ಅನ್ನೋ ಪ್ರೋಗ್ರಾಮ್ ಹಾಕಿ ಕೆಜಿಪಿ ಅನ್ನೋ ಕೀಬೋರ್ಡ್ ಲೇಔಟ್ ತಗೊಂಡ್ರೆ ನುಡಿಯಲ್ಲಿ ಕೈ ಕೂತೋರಿಗೆ ಅದೇ ಕೀಲಿಗಳು. ಆದ್ರೆ ಹಾಕ್ಸೋ ಮುಂಚೆ ಎರಡು ವಸ್ತು ಜೊತೆಗೆ ತನ್ನಿ ಅಂತ ಎಲ್ಲರಿಗೂ ಹೇಳ್ತೀನಿ, ಒಂದು ನಿಮ್ಮ ಪ್ರಿಂಟರ್, ಇನ್ನೊಂದು ಡಿಜಿಟಲ್ ಸಿಗ್ನೇಚರ್ ಟೋಕನ್ ಅಥವಾ ಬೆರಳಚ್ಚು ಮಿಷಿನ್ ಇದ್ರೆ ಅದು. ಕೆಲವು ಹಳೇ ಸಣ್ಣ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸಲ್ಲಿ ಡ್ರೈವರ್ ಕೂರಿಸೋದು ತಲೆನೋವು, ಬೆರಳಚ್ಚು ಮಿಷಿನ್‌ಗಳಂತೂ ಬಹುಪಾಲು ವಿಂಡೋಸನ್ನೇ ಕೇಳುತ್ತೆ. ಇನ್‌ಸ್ಟಾಲ್ ಮಾಡದೇ ಪೆನ್‌ಡ್ರೈವಿಂದಲೇ ಮಿಂಟ್ ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕ್ ಮುಟ್ಟಲ್ಲ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಒಂದು ಪೇಜ್ ಪ್ರಿಂಟ್ ಆಗುತ್ತಾ, ಟೋಕನ್ ಕಾಣುತ್ತಾ ನೋಡಿ. ನಾಲ್ಕೂ ಆದ್ರೆ ಡೇಟಾ ಬ್ಯಾಕಪ್ ತಗೊಂಡು ಒಂದು ಎಸ್‌ಎಸ್‌ಡಿ ಹಾಕಿಸಿ ಅದರ ಮೇಲೆ ಇನ್‌ಸ್ಟಾಲ್ ಮಾಡಿಸಿ, ಟೋಕನ್ ಒಂದೇ ಕೈ ಕೊಟ್ರೆ ವಿಂಡೋಸ್ ಪಕ್ಕದಲ್ಲೇ ಉಳಿಸ್ಕೊಂಡು ಆ ಕೆಲಸಕ್ಕೆ ಮಾತ್ರ ಅದಕ್ಕೆ ಹೋಗಿ ಬನ್ನಿ. ಡೌನ್‌ಲೋಡ್ ಮಾತ್ರ ಆಯಾ ಪ್ರಾಜೆಕ್ಟಿನ ಸ್ವಂತ ಸೈಟಿಂದಲೇ, ಗೂಗಲಲ್ಲಿ ಮೇಲೆ ಜಾಹೀರಾತು ಅಂತ ಬರೋ ಲಿಂಕಿಂದ ಅಲ್ಲ. ಮಳೆಗಾಲ ಶುರುವಾಗೋ ಮುಂಚೆ ಇಳಿಸಿ ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ, ಅಥವಾ ಖಾಲಿ ಪೆನ್‌ಡ್ರೈವ್ ತಗೊಂಡು ಅಂಗಡಿಗೆ ಬನ್ನಿ, ಕಾಪಿ ಮಾಡ್ಕೊಡ್ತೀನಿ, ಇದನ್ನ ಕಾಪಿ ಮಾಡೋಕೆ ಲೈಸೆನ್ಸಲ್ಲೇ ಪರ್ಮಿಶನ್ ಇದೆ.