ನೆರೆ ಗದ್ದೆಗೆ ಯೋಜನೆ ಹುಡುಕುವ ಮೊದಲು

ನೆರೆ ಬರುವ ಜಮೀನಿಗೆ ಸರ್ಕಾರದ ನೆರವು ಹುಡುಕುವಾಗ ನಾವೆಲ್ಲ ಯೋಜನೆಗಳ ಹೆಸರಿನಿಂದ ಶುರು ಮಾಡುತ್ತೇವೆ. ಪಟ್ಟಿ ಉದ್ದ ಆಗುತ್ತೆ, ದಾರಿ ಸಿಗಲ್ಲ. ಅದರ ಬದಲು ನೀರು ನಿಮ್ಮ ಗದ್ದೆಗೆ ಏನು ಮಾಡಿ ಹೋಗುತ್ತೆ ಅನ್ನುವುದನ್ನು ಬರೆದುಕೊಳ್ಳಿ. ನಿಲ್ಲುತ್ತದೆಯೇ, ಹೂಳು ತುಂಬುತ್ತದೆಯೇ, ದಂಡೆ ಕೊರೆಯುತ್ತದೆಯೇ? ಒಂದೊಂದಕ್ಕೂ ಬೇರೆ ಕಚೇರಿ.

ಸಾಗರ ತಾಲ್ಲೂಕಿನ ಕಾನ್ಲೆ, ಸೈದೂರು ಕಡೆ ನಾಟಿಯಾದ ಮೇಲೆ ವರದಾ ನದಿ ಉಕ್ಕಿ ಗದ್ದೆಯಲ್ಲೇ ನಿಲ್ಲುತ್ತದೆ. ನೀರಿಳಿದಾಗ ಸಸಿಯ ಮೈಯೆಲ್ಲ ಕೆಸರು. ಬುಡ ಹಿಡಿದರೆ ಕೊಳೆತದ್ದು ಕೈಗೇ ಬರುತ್ತದೆ. ಇದಕ್ಕೆ ಫಸಲ್ ಬಿಮಾ, ಅಂದರೆ ಕೇಂದ್ರ ಸರ್ಕಾರದ ಬೆಳೆ ವಿಮೆ. ಮುಂಗಾರಿನ ಭತ್ತಕ್ಕೆ ರೈತರ ಕಂತು ವಿಮಾ ಮೊತ್ತದ ಶೇ 2ರಷ್ಟು. ಆದರೆ 2018ರಲ್ಲಿ ಭತ್ತದ ಮುಳುಗಡೆಯನ್ನು ಸ್ಥಳೀಯ ವಿಪತ್ತುಗಳ ಪಟ್ಟಿಯಿಂದ ತೆಗೆದಿದ್ದರು. ಹೊಳೆಸಾಲಿನ ನಾಲ್ಕು ಗದ್ದೆ ಮುಳುಗಿದರೆ ಲೆಕ್ಕಕ್ಕಿಲ್ಲ, ಇಡೀ ಪ್ರದೇಶದ ಸರಾಸರಿ ಇಳುವರಿಯೇ ಕುಸಿಯಬೇಕಿತ್ತು. ಎಂಥ ಅನ್ಯಾಯ ಅಲ್ವಾ? 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಹಾಗಾಗಿ ನೀರಿಳಿಯಲಿ ಎಂದು ಕಾಯಬೇಡಿ, ಮುಳುಗಿರುವಾಗಲೇ ಫೋಟೊ ತೆಗೆಯಿರಿ.

ಯಾವ ಜಮೀನಿನಲ್ಲಿ ಯಾವ ಬೆಳೆ ಎಂದು ಸರ್ಕಾರ ದಾಖಲಿಸುವ ಬೆಳೆ ಸಮೀಕ್ಷೆಯನ್ನೂ ನೋಡಿಕೊಳ್ಳಿ. ವಿಮೆಯಲ್ಲಿ ಭತ್ತ, ಸಮೀಕ್ಷೆಯಲ್ಲಿ ಅಡಿಕೆ ಎಂದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಗದ್ದೆಗಳು ತೋಟವಾಗುತ್ತಿರುವ ನಮ್ಮ ಕಡೆ ಈ ಗೊಂದಲ ಜಾಸ್ತಿ.

ವಿಮೆ ಮಾಡಿಸದವರಿಗೂ ಕಂದಾಯ ಇಲಾಖೆಯ ಪರಿಹಾರ ಇದೆ. ವಿಪತ್ತು ಪರಿಹಾರ ನಿಧಿಯ 2022–26ರ ದರದಂತೆ, ಶೇ 33 ಅಥವಾ ಅದಕ್ಕಿಂತ ಜಾಸ್ತಿ ಬೆಳೆ ಹೋದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್‌ವರೆಗೆ. ಹೂಳಿನದು ಬೇರೆ ಲೆಕ್ಕ: 3 ಇಂಚಿಗಿಂತ ದಪ್ಪ ಕೂತಿದ್ದರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 18,000. ಸುಮ್ನೆ ‘ಹೂಳು ಬಂದಿದೆ’ ಅಂದರೆ ಸಾಲದು. ಒಂದು ಸ್ಕೇಲ್ ಚುಚ್ಚಿ, ಇಂಚಿನ ಗೆರೆ ಕಾಣುವ ಹಾಗೆ ಫೋಟೊ ತೆಗೆದಿಟ್ಟುಕೊಳ್ಳಿ. ಇಲಾಖೆಗಳ ಅಧಿಕಾರಿಗಳು ಒಟ್ಟಾಗಿ ಜಂಟಿ ಸಮೀಕ್ಷೆಗೆ ಬಂದಾಗ ತೋರಿಸಬಹುದು.

ದಂಡೆಗೆ ಮರ ಬೇಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ಬದುಕಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ 35, 40, 50 ರೂಪಾಯಿಯಂತೆ ಒಟ್ಟು 125 ಬರುತ್ತದೆ. ಸಸಿಗೆ ಮಳೆಗಾಲಕ್ಕೆ ಮುಂಚೆಯೇ ಹೆಸರು ಬರೆಸಿ.

ಕೊನೆಯದು, ನನಗೆ ತುಂಬ ಮುಖ್ಯ ಅನಿಸಿದ್ದು, ಬೀಜ. ನೆರೆಗುಳಿ ಎಂಬ ನಮ್ಮ ಹಳೆಯ ಭತ್ತ ನೆರೆ ತಡೆದು ನಿಲ್ಲುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ಕಾಪಾಡಿಕೊಂಡ ತಳಿಗಳನ್ನು ಶುಲ್ಕವಿಲ್ಲದೆ ನೋಂದಾಯಿಸಬಹುದು. ಮನೆಯಲ್ಲಿ ಇಂಥ ಹಳೆಯ ತಳಿ ಉಳಿದಿದ್ದರೆ ಒಂದು ಹಿಡಿ ತೆಗೆದುಕೊಂಡು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.