ಹೆಪ್ಪು ಬೇರೆ, ಗಂಟು ಬೇರೆ

ಕಳೆದ ತಿಂಗಳು ರಕ್ತ ಕೊಡಲು ಬಂದ ಹುಡುಗನೊಬ್ಬ ಮಂಚದ ಮೇಲೆ ಮಲಗಿಕೊಂಡೇ ಕೇಳಿದ: "ಡಾಕ್ಟ್ರೇ, ನಂದು ಎ ಪಾಸಿಟಿವ್. ಆರು ತಿಂಗಳಿಂದ ಹುರುಳಿ ಮುಟ್ಟಿಲ್ಲ. ರಕ್ತ ಹೆಪ್ಪುಗಟ್ಟುತ್ತಂತಲ್ಲ?" ಊರು ಚಿತ್ರದುರ್ಗದ ಕಡೆ. ಮನೆಯಲ್ಲಿ ವಾರಕ್ಕೆರಡು ದಿನ ಹುರುಳಿ ಸಾರು. ಈಗ ಅವರಮ್ಮ ಇವನೊಬ್ಬನಿಗಾಗಿ ಬೇರೆ ಸಾರು ಇಡುತ್ತಾರಂತೆ. ಫೋನು ತೆಗೆದು ವಿಡಿಯೊ ತೋರಿಸಿದ. ಬಿಳಿ ಟೈಲಿನ ಮೇಲೆ ರಕ್ತದ ಒಂದು ಹನಿ, ಹುರುಳಿ ರಸದ ಒಂದು ಹನಿ. ಕಡ್ಡಿಯಲ್ಲಿ ಕಲಸಿ ಟೈಲನ್ನು ಆಡಿಸುತ್ತಿದ್ದಂತೆ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ಕಣಕಣ. ವಿಡಿಯೊ ಸುಳ್ಳಲ್ಲ. ಅದೇ ಪರೀಕ್ಷೆಯನ್ನು ನಮ್ಮ ಬ್ಲಡ್ ಬ್ಯಾಂಕಿನಲ್ಲಿ ನಾನೂ ಮಾಡುತ್ತೇನೆ. ಅದಕ್ಕೆ ಹಚ್ಚಿದ ಅರ್ಥ ಪೂರ್ತಿ ತಪ್ಪು. ಇದನ್ನು ಕೇಳಿಕೊಂಡು ಬರುವವರು ಹೆಚ್ಚಾಗುತ್ತಲೇ ಇದ್ದಾರೆ, ಅದಕ್ಕೇ ಬರೆಯಲು ಕೂತೆ.

ಹುರುಳಿ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನು ಇದೆ. ಬೇಕಾದ ಸಕ್ಕರೆಯನ್ನು ಗುರುತು ಹಿಡಿದು ಕಚ್ಚಿಕೊಳ್ಳುವುದು ಲೆಕ್ಟಿನ್‌ಗಳ ಗುಣ. ನಮ್ಮ ಜೀವಕೋಶಗಳ ಮೈತುಂಬ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವೆ. ಎ, ಬಿ ಎಂದು ನಾವು ಗುಂಪು ಹೇಳುವುದೇ ಆ ಸರಪಳಿಯ ತುದಿಯ ಸಕ್ಕರೆ ನೋಡಿ. ಎ ಗುಂಪಿನವರಲ್ಲಿ ತುದಿಗೆ ಕೂತಿರುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್. ಹುರುಳಿಯ ಲೆಕ್ಟಿನ್‌ಗೆ ಬೇಕಾದದ್ದೂ ಅದೇ. ಜಿ.ಡಬ್ಲ್ಯು.ಜಿ. ಬರ್ಡ್ ಎಂಬ ವೈದ್ಯರು 1951ರಲ್ಲಿ ಇದನ್ನು ವರದಿ ಮಾಡಿದ್ದು ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಅಂದಿನಿಂದ ಜಗತ್ತಿನ ಬ್ಲಡ್ ಬ್ಯಾಂಕುಗಳು ಎ ಗುಂಪಿನ ಒಳಗುಂಪುಗಳಾದ ಎ1 ಯಾವುದು, ಎ2 ಯಾವುದು ಎಂದು ಬೇರ್ಪಡಿಸಲು ಹುರುಳಿಯ ಸಾರವನ್ನೇ ನೆಚ್ಚಿಕೊಂಡಿವೆ. ರಾಗಿ ಹೊಲದ ಬದಿಯ ಬೆಳೆಗೆ ಇಂಥ ಮರ್ಯಾದೆ ಸಿಕ್ಕಿದ್ದು ನನಗೆ ಈಗಲೂ ಹೆಮ್ಮೆಯ ವಿಷಯ.

ಇನ್ನು ಹೆಪ್ಪಿನ ಮಾತು. ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಹಾಲು ಹಾಲಾಗಿ ಉಳಿಯುವುದಿಲ್ಲ. ಅಂಬಲಿಗೆ ಹಿಟ್ಟನ್ನು ಸರಿಯಾಗಿ ಕಲಸದೆ ಸುರಿದರೆ ಗಂಟಾಗುತ್ತದೆ. ಹಿಟ್ಟು ಹಿಟ್ಟಾಗಿಯೇ ಇರುತ್ತದೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಅಷ್ಟೆ. ರಕ್ತ ಹೆಪ್ಪುಗಟ್ಟುವುದು ಮೊದಲನೆಯ ಥರ: ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಕರಗಿರುವ ಫೈಬ್ರಿನೊಜೆನ್ ಎಂಬ ಪ್ರೋಟೀನು ನೂಲಾಗಿ ಬದಲಾಗಿ ಬಲೆ ಹೆಣೆಯಬೇಕು, ಅದಕ್ಕೆ ಪ್ಲೇಟ್‌ಲೆಟ್ ಬೇಕು, ಕ್ಯಾಲ್ಸಿಯಂ ಬೇಕು. ಟೈಲಿನ ಮೇಲೆ ನಡೆದದ್ದು ಎರಡನೆಯ ಥರ. ಲೆಕ್ಟಿನ್ನಿಗೆ ಕನಿಷ್ಠ ಎರಡು ಕೈ. ಒಂದರಲ್ಲಿ ಒಂದು ಕೆಂಪುಕಣದ ಸಕ್ಕರೆ ಹಿಡಿಯುತ್ತದೆ, ಇನ್ನೊಂದರಲ್ಲಿ ಪಕ್ಕದ ಕಣದ್ದು. ಹೀಗೆ ಲಕ್ಷಾಂತರ ಕಣಗಳು ಕೈಕೈ ಹಿಡಿದರೆ ಕಣ್ಣಿಗೆ ಗಂಟು ಕಾಣುತ್ತದೆ.

ನಂಬಿಕೆ ಬರುತ್ತಿಲ್ಲವೇ? ಪರೀಕ್ಷೆಗೆ ನಾವು ಬಳಸುವ ಕೆಂಪುಕಣಗಳನ್ನು ಉಪ್ಪುನೀರಿನಲ್ಲಿ ಮೂರು ಸಲ ತೊಳೆದಿರುತ್ತೇವೆ. ಅದರಲ್ಲಿ ಫೈಬ್ರಿನೊಜೆನ್ ಇಲ್ಲ, ಪ್ಲೇಟ್‌ಲೆಟ್ ಇಲ್ಲ. ರಕ್ತ ತೆಗೆದ ಟ್ಯೂಬಿನಲ್ಲಿದ್ದ ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಅನ್ನೂ ಮೊದಲೇ ಕಟ್ಟಿಹಾಕಿರುತ್ತದೆ. ಹೆಪ್ಪುಗಟ್ಟಲು ಬೇಕಾದ ಒಂದು ಸಾಮಾನೂ ಉಳಿದಿಲ್ಲ. ಆದರೂ ಗಂಟಾಯಿತು. ಮೇಲೆ ಅದೇ ಸಕ್ಕರೆಯನ್ನು ಬೇಕಾದಷ್ಟು ಸುರಿದರೆ ಲೆಕ್ಟಿನ್ ಕಣಗಳನ್ನು ಬಿಟ್ಟು ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ, ಗಂಟು ಬಿಚ್ಚಿಕೊಳ್ಳುತ್ತದೆ. ಮೊಸರನ್ನು ಹಾಗೆ ಹಾಲು ಮಾಡಲಾದೀತೇ?

ನಾನು ಪಿ.ಜಿ. ಓದುವಾಗ ನಮ್ಮ ಮೇಡಂ ರೆಡಿ ಸಿಗುವ ಲೆಕ್ಟಿನ್ ಸೀಸೆ ತರಿಸದೆ, ದಿನಸಿ ಅಂಗಡಿಯಿಂದ ಕಾಲು ಕೆ.ಜಿ. ಹುರುಳಿ ತರಲು ಕಳಿಸಿದ್ದರು. ನೆನೆಸಿ, ಉಪ್ಪುನೀರಿನಲ್ಲಿ ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ಹಳದಿ ಮಿಶ್ರಿತ ತಿಳಿ. ಲ್ಯಾಬೆಲ್ಲ ಹಸಿ ಹುರುಳಿ ವಾಸನೆ. ಮೊದಲ ದಿನ ನಾವು ಅದನ್ನು ತೆಳು ಮಾಡದೆ ಹಾಕಿಬಿಟ್ಟೆವು. ಎ1 ಗಂಟಾಯಿತು, ಎ2 ಕೂಡ ಗಂಟಾಯಿತು. ಎ1 ಕಣವೊಂದರ ಮೇಲೆ ಸುಮಾರು 10 ಲಕ್ಷ ಎ ಗುರುತುಗಳು, ಎ2 ಮೇಲೆ ಸುಮಾರು ಎರಡೂವರೆ ಲಕ್ಷ. ಸಾರ ಗಟ್ಟಿಯಿದ್ದರೆ ಅದು ಎರಡನ್ನೂ ಹಿಡಿಯುತ್ತದೆ. ಹದವಾಗಿ ತೆಳು ಮಾಡಿದರೆ ಮಾತ್ರ ಎ1 ಅನ್ನು ಹಿಡಿದು ಎ2 ಅನ್ನು ಬಿಡುತ್ತದೆ. ಆ ಹದ ಸಿಗಲು ನಮಗೆ ಮೂರು ದಿನ ಹಿಡಿಯಿತು.

ನಾಲ್ಕನೇ ದಿನ ಮೇಡಂ ಉಳಿದ ಸಾರವನ್ನು ಕುದಿಯುವ ನೀರಿನಲ್ಲಿ ಹದಿನೈದು ನಿಮಿಷ ಇಡಿಸಿ, ಆರಿಸಿ, ಮತ್ತೆ ಟೈಲಿಗೆ ಹಾಕಿಸಿದರು. ಅದೇ ಎ1 ರಕ್ತ. ಆಡಿಸಿದೆವು, ಮತ್ತೆ ಆಡಿಸಿದೆವು. ಕುಂಕುಮ ಕದಡಿದ ನೀರಿನಂತೆ ನಯವಾಗಿಯೇ ಇತ್ತು. ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿಹೋದರೆ ಸಕ್ಕರೆ ಹಿಡಿಯುವ ಕೈಯೇ ಇರುವುದಿಲ್ಲ. ನಿಮ್ಮ ಮನೆಯ ಕುಕ್ಕರು ಕೂಗಿದಾಗ ಆಗುವುದು ಇದೇ.

ಹಾಗಾದರೆ ಲೆಕ್ಟಿನ್ ಎಂದೂ ರಕ್ತ ಸೇರುವುದೇ ಇಲ್ಲವೇ ಎಂದರೆ ಅಷ್ಟು ಖಡಾಖಂಡಿತವಾಗಿ ಹೇಳಲಾರೆ. ಕಡಲೆಕಾಯಿ ತಿಂದವರ ರಕ್ತದಲ್ಲಿ ಅದರ ಲೆಕ್ಟಿನ್ ಸಿಕ್ಕಿದ್ದು 1998ರಲ್ಲಿ ವರದಿಯಾಗಿದೆ. ಆದರೆ ಆ ಲೆಕ್ಟಿನ್ ಹುಡುಕುವ ಸಕ್ಕರೆ ಆರೋಗ್ಯವಂತರ ಕೆಂಪುಕಣದಲ್ಲಿ ಸಿಯಾಲಿಕ್ ಆಮ್ಲದ ಹೊದಿಕೆಯ ಕೆಳಗೆ ಮುಚ್ಚಿಕೊಂಡಿರುತ್ತದೆ. ಕೆಲವು ಸೋಂಕುಗಳಲ್ಲಿ ಬ್ಯಾಕ್ಟೀರಿಯಾ ಆ ಹೊದಿಕೆ ಕಿತ್ತಾಗ ಅದನ್ನು ಪತ್ತೆ ಮಾಡಲು ನಾವು ಬಳಸುವುದೂ ಕಡಲೆಕಾಯಿ ಲೆಕ್ಟಿನ್ನನ್ನೇ. ಈ ಪ್ರೋಟೀನು ಹೇಗೆ ಮಡಚಿಕೊಂಡಿದೆ ಎಂಬುದನ್ನು 1994ರಲ್ಲಿ ಬಿಡಿಸಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಎರಡು ವರ್ಷದ ನಂತರ ಹಲಸಿನ ಬೀಜದ ಜಾಕಲಿನ್ ಎಂಬ ಲೆಕ್ಟಿನ್ನಿನದ್ದನ್ನೂ.

ಹೆದರಬೇಕಾದ ಜಾಗ ಬೇರೆ ಇದೆ. ಸಂಕಟವೆಂದರೆ ಅಲ್ಲಿ ಯಾರೂ ಹೆದರುವುದಿಲ್ಲ. ಹುರುಳಿ ಬಿಟ್ಟ ಇದೇ ಹುಡುಗ ನೆನೆಸಿದ ರಾಜ್ಮಾವನ್ನು ಅರೆಬೆಂದಂತೆ ಸಲಾಡಿಗೆ ಹಾಕಿ ತಿನ್ನುತ್ತಿದ್ದ, ಒಂದೆರಡು ಸಲ ಹೊಟ್ಟೆ ಕೆಟ್ಟಿತ್ತು. ಕೆಂಪು ರಾಜ್ಮಾದ ಲೆಕ್ಟಿನ್ ಕರುಳಿನ ಒಳಪದರದ ಜೀವಕೋಶಗಳ ಸಕ್ಕರೆಯನ್ನೇ ಹಿಡಿಯುತ್ತದೆ. ನಾಲ್ಕೈದು ಹಸಿ ಕಾಳು ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ. ಸಣ್ಣ ಉರಿಯಲ್ಲಿ, ನೀರು ಕುದಿಯದಂತೆ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರು ಇನ್ನೂ ಕೆಟ್ಟದ್ದು. 80 ಡಿಗ್ರಿಯಲ್ಲಿ ನಂಜು ಇಳಿಯುವ ಬದಲು ಏರಬಹುದು. ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ.

ಅದೇ ರಾಜ್ಮಾ ಲೆಕ್ಟಿನ್ನಿಗೆ ನಾವು ಋಣಿಗಳೂ ಹೌದು. ರಕ್ತದಿಂದ ಕೆಂಪುಕಣಗಳನ್ನು ಗಂಟು ಮಾಡಿ ತೆಗೆದುಹಾಕಲು ಅದನ್ನು ಬಳಸುತ್ತಿದ್ದ ಕಾಲದಲ್ಲಿ, ಉಳಿದ ಬಿಳಿಕಣಗಳು ಸುಮ್ಮನಿರದೆ ವಿಭಜನೆಗೊಳ್ಳುತ್ತಿರುವುದನ್ನು ಅಮೆರಿಕದ ಪೀಟರ್ ನೊವೆಲ್ ಗಮನಿಸಿ 1960ರಲ್ಲಿ ಪ್ರಕಟಿಸಿದರು. ಮಲಗಿದ್ದ ಲಿಂಫೋಸೈಟ್ ಎಂಬ ಬಿಳಿಕಣಗಳ ಮೈಮೇಲಿನ ಸಕ್ಕರೆ ಹಿಡಿದು ಲೆಕ್ಟಿನ್ ಅವನ್ನು ಎಬ್ಬಿಸಿತ್ತು. ಇಂದು ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೇ ಎಂದು ವರ್ಣತಂತು ಎಣಿಸುವ ಲ್ಯಾಬಿನಲ್ಲಿ ಬಿಳಿಕಣಗಳನ್ನು ಮೂರು ದಿನ ಬೆಳೆಸುವ ಕಲ್ಚರಿಗೆ ಹಾಕುವುದು ಇದನ್ನೇ. ಇನ್ನು ಗುಲಗಂಜಿ, ಹರಳು ಬೀಜಗಳ ಲೆಕ್ಟಿನ್ನು ಹೊರಗೆ ಹಿಡಿದುಕೊಂಡು ಸುಮ್ಮನಾಗದೆ ಕೋಶದೊಳಗೆ ನುಗ್ಗಿ ಪ್ರೋಟೀನು ತಯಾರಿಯನ್ನೇ ನಿಲ್ಲಿಸುತ್ತದೆ. ಮಕ್ಕಳ ಕೈಗೆ ಗುಲಗಂಜಿ ಕೊಡಬೇಡಿ. ಅಗಿದು ನುಂಗಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಿ.

ಒಂದು ಎಚ್ಚರಿಕೆ. ಕಿಡ್ನಿ ತೊಂದರೆಯಿಂದ ಕಾಳು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರೆ, ಅಥವಾ ರಕ್ತ ತೆಳುವಾಗುವ ಮಾತ್ರೆಗೆಂದು ಪಥ್ಯ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ. ಆ ಕಾರಣಗಳೇ ಬೇರೆ, ಅವಕ್ಕೂ ಲೆಕ್ಟಿನ್ನಿಗೂ ಸಂಬಂಧ ಕಟ್ಟಬೇಡಿ.

ರಕ್ತ ಕೊಟ್ಟು ಬಿಸ್ಕತ್ತು ತಿನ್ನುತ್ತಾ ಕೂತ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದ. ಇಟ್ಟ ಮೇಲೆ ಇನ್ನೊಂದು ಪ್ರಶ್ನೆ: "ಜಿಮ್‌ನಲ್ಲಿ ಮೊಳಕೆ ಹುರುಳಿ ಹಸಿಯಾಗೇ ತಿನ್ನು ಅಂತಾರೆ, ತಿನ್ಲಾ?" ಮೊಳಕೆಯೊಡೆದಾಗ ಲೆಕ್ಟಿನ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಅಮ್ಮ ಮೊಳಕೆ ಹುರುಳಿ ಸಾರು ಮಾಡುವಾಗ ಹೇಗೆ ಬೇಯಿಸುತ್ತಾರೋ ಹಾಗೇ ಬೇಯಿಸಿಕೊಂಡು ತಿನ್ನು ಎಂದೆ.