ಮೂಟೆ ಬಿಚ್ಚದೆ ಲೆಕ್ಕ ಹೇಳಬೇಡಿ

ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಮೊದಲೆಲ್ಲ ‘ಗೈಡಲ್ಲಿ ಹೀಗಿದೆ ಸಾರ್’ ಎಂದು ವಾದಕ್ಕೆ ಬರುತ್ತಿದ್ದರು. ಈಗ ‘ಕಾರ್ಪಸ್‌ನಲ್ಲಿ ಇಷ್ಟು ಸಲ ಇದೆ ಸಾರ್’ ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ಕಾರ್ಪಸ್ ಅಂದರೆ ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನು ಕಂಪ್ಯೂಟರಿನಲ್ಲಿ ಹುಡುಕೋಕೆ ಆಗುವಂತೆ ಕೂಡಿಟ್ಟ ರಾಶಿ. ಅದರಲ್ಲಿ ಹುಡುಕೋದು ಕಲಿಸಿದವನು ನಾನೇ, ಯಾರನ್ನು ಬೈಯಲಿ?

ಮೊನ್ನೆ ಒಬ್ಬಳು ‘ಡಿಸ್ಕಸ್ ಅಬೌಟ್’ ಸರಿ ಎಂದು ಹಟ ಹಿಡಿದಳು. ಇದು ನಮ್ಮ ಹಳೇ ಕಾಯಿಲೆ. ‘ರಜೆ ಬಗ್ಗೆ ಚರ್ಚಿಸಿದೆವು’ ಅನ್ನೋ ಬಾಯಿಗೆ ಇಂಗ್ಲಿಷಿನಲ್ಲೂ ಆ ‘ಬಗ್ಗೆ’ ಬೇಕೇ ಬೇಕು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲೇ ಸಿಕ್ಕಿತು ಎಂದಳು. ಸಿಗದೆ ಏನು? ಅಲ್ಲಿರುವುದು ಸುಮಾರು 10 ಕೋಟಿ ಪದ. ಅದರಲ್ಲಿ ಹತ್ತನೇ ಒಂದು ಪಾಲು ಜನ ಬಾಯಲ್ಲಿ ಆಡಿದ ಮಾತು.

‘ಸಾಲು ಓದಿದೆಯೇನಮ್ಮ?’

‘ಇಲ್ಲ ಸಾರ್, ನಂಬರ್ ನೋಡಿದೆ.’

ಅವರಪ್ಪ ಆಲೂಗಡ್ಡೆ ಬೆಳೆಗಾರರು. ‘ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಬಂದಾಗ ಅಪ್ಪ ಮೂಟೆ ಎಣಿಸಿ ದುಡ್ಡು ಕೊಡ್ತಾರಾ, ಬಿಚ್ಚಿ ನೋಡ್ತಾರಾ?’ ಎಂದೆ. ನಕ್ಕಳು.

ಹುಡುಕಿದ ಪದ ನಡುವೆ, ಅಕ್ಕಪಕ್ಕ ನಾಲ್ಕಾರು ಪದ. ಕಾರ್ಪಸ್ ಕೊಡೋದು ಇಂಥ ಸಾಲುಗಳನ್ನು, ತೀರ್ಪನ್ನಲ್ಲ. ‘ದೇರ್ ಈಸ್ ಎ ಲಾಟ್ ಟು ಡಿಸ್ಕಸ್ ಅಬೌಟ್ ದಿ ಬಜೆಟ್’ ತೆಗೆದುಕೊಳ್ಳಿ. ಇಲ್ಲಿ ಚರ್ಚಿಸೋದು ‘ಎ ಲಾಟ್’ ಅನ್ನು. ‘ಅಬೌಟ್’ ಅದಕ್ಕೆ ಸೇರಿದ್ದು, ‘ಡಿಸ್ಕಸ್’ಗಲ್ಲ. ‘ದೆ ಡಿಸ್ಕಸ್ಡ್ ಅಬೌಟ್ ಟೆನ್ ಕೇಸಸ್’ ಅಂದರೋ, ಆ ‘ಅಬೌಟ್’ ಬರೀ ‘ಸುಮಾರು’. ಯಂತ್ರಕ್ಕೆ ಇವೆಲ್ಲ ಒಂದೇ. ಎಣಿಸಿ ಕೊಡುತ್ತದೆ, ಅಷ್ಟೆ. ಇವನ್ನು ಬದಿಗಿಟ್ಟ ಮೇಲೆ ಉಳಿಯೋ ಸಾಲುಗಳನ್ನು ನೋಡಿ. ಯಾರು ಆಡಿದ್ದು, ಅವಸರದ ಮಾತೋ, ಅಚ್ಚಾದ ಬರಹವೋ? ಆಮೇಲೆ ‘ಅಬೌಟ್’ ಇಲ್ಲದ ‘ಡಿಸ್ಕಸ್ ದಿ’ ಎಷ್ಟಿದೆ ಎಂದೂ ಹುಡುಕಿ. ಪಕ್ಕದಲ್ಲಿ ಇನ್ನೊಂದಿಲ್ಲದೆ ಒಂಟಿ ನಂಬರ್ ಏನೂ ಹೇಳುವುದಿಲ್ಲ.

ಇನ್ನೊಂದು, ಕೋಕಾ ಎಂಬ ಅಮೆರಿಕನ್ ಕಾರ್ಪಸ್‌ನಲ್ಲಿ 100 ಕೋಟಿ ಪದ ಇದೆ. ಅಲ್ಲಿ ನಂಬರ್ ಜಾಸ್ತಿ ಬಂದರೆ ಅಮೆರಿಕದವರು ಜಾಸ್ತಿ ಬಳಸುತ್ತಾರೆ ಅಂತಲ್ಲ. 10 ಲಕ್ಷ ಪದಕ್ಕೆ ಎಷ್ಟು ಎಂದು ನೋಡಬೇಕು.

ಹಾಗಾದರೆ ‘ಡಿಸ್ಕಸ್ ಅಬೌಟ್’ ತಪ್ಪಾ? ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಕಟ್ ಮಾಡುತ್ತೇನೆ. ಆದರೆ ನಮ್ಮ ದೇಶದಲ್ಲಿ ಇಷ್ಟೊಂದು ಜನ ಆಡುವ ಮಾತನ್ನು ಸೀದಾ ತಪ್ಪು ಅನ್ನೋಕೆ ಸ್ವಲ್ಪ ಹಿಂಜರಿಕೆ. ನಮ್ಮ ಇಂಗ್ಲಿಷಿಗೆ ಬೇರೆ ಕಾರ್ಪಸ್‌ಗಳೇ ಇವೆ. ಕೊಲ್ಹಾಪುರದಲ್ಲಿ ತಯಾರಾದದ್ದು 1978ರ ಬರಹಗಳದ್ದು, 10 ಲಕ್ಷ ಪದ. ಹಳೆಯದು, ಚಿಕ್ಕದು. ಅಲ್ಲಿ ಒಂದು ಪ್ರಯೋಗ ಸಿಗಲಿಲ್ಲ ಎಂದು ಯಾರೂ ಹಾಗೆ ಆಡಲ್ಲ ಅಂದುಬಿಡಬೇಡಿ, ಪ್ಲೀಸ್.

ಆ ಹುಡುಗಿ ಮರುವಾರ ‘ಸುಮಾರು’ ಸಾಲುಗಳನ್ನು ಬೇರೆ ಮಾಡಿ, ನೋಟ್‌ಬುಕ್‌ನಲ್ಲಿ ಬರೆದು ತಂದಳು. ಈಗ ‘ಎಕ್ಸ್‌ಪ್ಲೇನ್ ಮಿ’ ಹಿಂದೆ ಬಿದ್ದಿದ್ದಾಳೆ. ಎಷ್ಟು ಸಲ ಇದೆ ಎಂದು ನಾನೇ ಬಾಯಿತಪ್ಪಿ ಕೇಳಿದೆ. ‘ತಾಳಿ ಸಾರ್, ಇನ್ನೂ ಓದ್ತಿದೀನಿ’ ಎಂದಳು.